ತ್ಸಾವೋದ ನರಭಕ್ಷಕ ಸಿಂಹಗಳು – ಚಿತ್ರಪಟವೂ ಚರಿತ್ರೆಯೂ

ನರಭಕ್ಷಕ ಮೃಗಗಳ ಬೇಟೆಯನ್ನು ವಸ್ತುವಾಗಿ ಉಳ್ಳ ಚಲಚ್ಚಿತ್ರಗಳಲ್ಲಿ ೧೯೯೬ನೆಯ ಇಸವಿಯಲ್ಲಿ ಅಮೆರಿಕದಿಂದ ಹೊರಬಂದ 'ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್' ಎಂಬುದು ಹೆಸರಾದುದು. ಸ್ಟೀಫನ್ ಹಾಪ್ಕಿನ್ಸನು ಅದರ ನಿರ್ದೇಶಕನು. ಕಥೆಯನ್ನು ಹೆಣೆದವನು ವಿಲಿಯಂ ಗೋಲ್ಡ್‌ಮನ್. ಚಿತ್ರದ ಹೆಸರನ್ನು ಕನ್ನಡಿಸುವುದಾದರೆ 'ಭೂತವೂ ಕತ್ತಲೆಯೂ' ಎಂದಾಗುವುದು. ಇವು ಅದರಲ್ಲಿ ಬರುವ ಎರಡು ಸಿಂಹಗಳ ಹೆಸರುಗಳು. ಪೂರ್ವ ಆಫ್ರಿಕದ ಕಾಡಿನಲ್ಲಿ ಸೇತುವೆ ಕಟ್ಟಲು ಬಂದ ಅಧಿಕಾರಿಯೊಬ್ಬನು, ತನ್ನ ಕೂಲಿಗಳನ್ನು ರಾತ್ರಿರಾತ್ರಿಯೂ ಹೊತ್ತೊಯ್ಯುತ್ತಿದ್ದ ಈ ಜೋಡಿಯನ್ನು ಬೆನ್ನಟ್ಟಿ ಕೊಂದ ವೃತ್ತಾಂತವೇ ಚಿತ್ರದ ಕಥೆ. ಶಬ್ದಯೋಜನೆಗಾಗಿ ಅದಕ್ಕೆ ಆಸ್ಕರ್ ಪಾರಿತೋಷಕವೂ ದೊರೆಯಿತು. ಎತ್ತರವಾದ ಹುಲ್ಲಿನೊಳಗೆ ಕಾಣದ ಮೃಗವು ಸರಿದುಹೋಗುವ ಸದ್ದನ್ನು ಅದರಲ್ಲಿ ಕೇಳಿದವರು ಆ ಪಾರಿತೋಷಕವು ಸಲ್ಲತಕ್ಕವರಿಗೇ ಸಂದಿತೆಂದು ಒಪ್ಪುವರು.

ಇಂಥ ಚಿತ್ರಗಳನ್ನು ನೋಡಿದವರು ಅವುಗಳಿಂದ ಬಾಳಿನ ಪಾಠಗಳನ್ನು ತೆಗೆಯುವುದುಂಟು. ಭಯವನ್ನು ಎದುರಿಸಿಯೇ ಗೆಲ್ಲಬೇಕು. ಕೈಹಿಡಿದ ಕಾರ್ಯವನ್ನು ನಡುವೆ ಬಿಡಲಾಗದು. ಪಳಗಿದ ಬೇಟೆಗಾರನೂ ಗರ್ವದಿಂದ ಕೆಡುವನು, ಇತ್ಯಾದಿ. ಇವು ಸುಳ್ಳಲ್ಲ. ಆದರೆ ಈ ಕಥೆಯ ಹಿಂದೆ ನಿಜವಾಗಿ ನಡೆದ ಸಂಗತಿಗಳಿವೆ, ನಿಜವಾಗಿ ಸತ್ತ ಮನುಷ್ಯರಿದ್ದಾರೆ, ಅವರಲ್ಲಿ ಬಹುಮಂದಿ ಹಿಂದೂಸ್ಥಾನದಿಂದ ಹೋದವರು. ಚರಿತ್ರೆಯನ್ನು ತೆರೆದು ನೋಡಿದರೆ ಪಾಠಗಳ ಬಣ್ಣವೇ ಬೇರೆಯಾಗುವುದು.

೧೮೯೬ರಲ್ಲಿ ಬ್ರಿಟಿಷ್ ಸರ್ಕಾರವು ಹಿಂದೂಮಹಾಸಾಗರದ ದಡದ ಮೊಂಬಾಸದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುದಾರಿಯನ್ನು ಹಾಕಲು ಆರಂಭಿಸಿತು. ಸುಮಾರು ೫೮೦ ಮೈಲಿಯ ಈ ದಾರಿಗೆ ಯುಗಾಂಡಾ ರೈಲ್ವೆ ಎಂದು ಹೆಸರು. ಅದು ಸರೋವರವನ್ನು ಮುಟ್ಟಿದ್ದು ೧೯೦೧ರಲ್ಲಿ. ಇದಕ್ಕೆ ತಗಲಿದ ವೆಚ್ಚವನ್ನು ಕಂಡು ಲಂಡನ್ನಿನಲ್ಲಿ ಇದನ್ನು ಹುಚ್ಚರ ದಾರಿಯೆಂದು ಹಾಸ್ಯಮಾಡಿದವರುಂಟು. ಕೆಲಸಕ್ಕೆ ಬೇಕಾದ ಆಳುಗಳನ್ನು ಹಿಂದೂಸ್ಥಾನದಿಂದ, ಅದರಲ್ಲಿಯೂ ಬಹುಮಟ್ಟಿಗೆ ಪಂಜಾಬಿನಿಂದ, ಕರಾರಿನ ಮೇಲೆ ಹಡಗು ಹತ್ತಿಸಿ ಕರೆದೊಯ್ದರು. ಹೀಗೆ ಹೋದವರ ಒಟ್ಟು ಸಂಖ್ಯೆ ಸುಮಾರು ೩೨,೦೦೦. ಇವರಲ್ಲಿ ೨,೫೦೦ರಷ್ಟು ಜನರು ಅಲ್ಲಿಯೇ ಸತ್ತರು. ಸಿಂಹಗಳಿಗೆ ಆಹುತಿಯಾದವರು ಈ ಸಂಖ್ಯೆಯಲ್ಲಿ ಅತ್ಯಲ್ಪ. ಜ್ವರ, ಭೇದಿ, ಹುಣ್ಣು, ಅಪಘಾತಗಳು ಕೊಂಡೊಯ್ದವರೇ ಹೆಚ್ಚು. ಜ್ವರವನ್ನು ಕುರಿತು ಯಾರೂ ಚಿತ್ರ ತೆಗೆಯುವುದಿಲ್ಲ.

ಮೊಂಬಾಸದಿಂದ ಸುಮಾರು ೧೩೦ ಮೈಲಿ ಒಳನಾಡಿನಲ್ಲಿ ರೈಲುದಾರಿಯು ತ್ಸಾವೋ ಎಂಬ ನದಿಯನ್ನು ದಾಟಬೇಕಾಗಿತ್ತು. ಕಂಬ ಜನರ ಭಾಷೆಯಲ್ಲಿ ಈ ಹೆಸರಿಗೆ ಕೊಲೆಯ ಸ್ಥಳವೆಂಬ ಅರ್ಥವಿದೆಯೆಂದು ಹೇಳುವರು. ಕನ್ನಡಿಗರ ಕಿವಿಗಂತೂ ಅರ್ಥ ತಿಳಿಯದೆಯೇ ಅದು ಅಪಶಕುನದಂತೆ ಕೇಳಿಸುವುದು. ಸುತ್ತಲೂ ಮುಳ್ಳುಕಂಟಿಗಳ ಒಣಗಾಡು. ಹತ್ತು ಮಾರು ದೂರದಲ್ಲಿ ನಿಂತ ಪ್ರಾಣಿಯೂ ಕಣ್ಣಿಗೆ ಬೀಳದಷ್ಟು ದಟ್ಟವಾದ ಪೊದೆ. ಇಲ್ಲಿ ಶಾಶ್ವತವಾದ ಸೇತುವೆಯನ್ನು ಕಟ್ಟಿಸುವ ಕಾರ್ಯಕ್ಕೆ ನೇಮಕವಾಗಿ, ಐರ್ಲೆಂಡಿನಲ್ಲಿ ೧೮೬೭ರಲ್ಲಿ ಹುಟ್ಟಿ ಹಿಂದೂಸ್ಥಾನದ ಸೈನ್ಯದಲ್ಲಿ ಕೆಲಸಮಾಡಿ ಹಿಂದೂಸ್ಥಾನಿ ಭಾಷೆಯನ್ನು ಬಲ್ಲವನಾಗಿದ್ದ ಜಾನ್ ಹೆನ್ರಿ ಪ್ಯಾಟರ್ಸನ್ನನು ೧೮೯೮ರ ಮಾರ್ಚಿಯಲ್ಲಿ ಬಂದು ಇಳಿದನು. ಅವನು ಬಂದ ಕೆಲವು ದಿನಗಳಲ್ಲಿಯೇ ಕೂಲಿಗಳು ಒಬ್ಬೊಬ್ಬರಾಗಿ ಕಾಣೆಯಾಗಹತ್ತಿದರು. ಮೊದಮೊದಲು ಪ್ಯಾಟರ್ಸನ್ನನು ಸಿಂಹದ ಮಾತನ್ನು ನಂಬಲಿಲ್ಲ. ಕೈಯಲ್ಲಿ ಸ್ವಲ್ಪ ಹಣ ಕೂಡಿಸಿಕೊಂಡಿದ್ದ ಕೂಲಿಗಳನ್ನು ಜೊತೆಯವರಲ್ಲಿಯೇ ಯಾರೋ ಕೊಂದಿರಬೇಕೆಂದು ಅವನ ಊಹೆ.

ಉಂಗನ್ ಸಿಂಗ್ ಎಂಬ ಸಿಖ್ ಜಮಾದಾರನ ಮರಣವು ಆ ಊಹೆಯನ್ನು ಅಳಿಸಿತು. ಗಟ್ಟಿಮುಟ್ಟಾದ ಆಳು, ಐದಾರು ಜನರೊಂದಿಗೆ ಡೇರೆಯಲ್ಲಿ ಮಲಗಿದ್ದನು. ನಡುರಾತ್ರಿಯಲ್ಲಿ ಸಿಂಹವು ಡೇರೆಯ ಬಾಗಿಲಲ್ಲಿ ತಲೆಯಿಕ್ಕಿ, ಬಾಗಿಲಿಗೆ ಸಮೀಪದಲ್ಲಿದ್ದ ಅವನ ಕುತ್ತಿಗೆಯನ್ನು ಹಿಡಿಯಿತು. ಬಿಡು ಎಂದು ಕೂಗುತ್ತ ಆತನು ತನ್ನ ಎರಡು ತೋಳುಗಳಿಂದಲೂ ಸಿಂಹದ ಕೊರಳನ್ನು ತಬ್ಬಿ ಹೋರಾಡಿದನೆಂದೂ, ಮರುಕ್ಷಣದಲ್ಲಿಯೇ ಹೊರಗೆ ಎಳೆದೊಯ್ಯಲ್ಪಟ್ಟನೆಂದೂ ಪಕ್ಕದಲ್ಲಿ ಮಲಗಿದ್ದವನು ಬೆಳಗ್ಗೆ ತಿಳಿಸಿದನು. ಜಾಡು ಹಿಡಿದುಹೋದ ಪ್ಯಾಟರ್ಸನ್ನನಿಗೆ ಕಂಡದ್ದನ್ನು ಇಲ್ಲಿ ಬರೆಯುವ ಆವಶ್ಯಕತೆಯಿಲ್ಲ. ತಲೆಯೊಂದು ಉಳಿದಿತ್ತು.

ಆಮೇಲಿನ ತಿಂಗಳುಗಳ ವೃತ್ತಾಂತವು ಬಹುಮಟ್ಟಿಗೆ ವೈಫಲ್ಯದ ವೃತ್ತಾಂತ. ಕೂಲಿಗಳ ಬಿಡಾರಗಳು ದಾರಿಯುದ್ದಕ್ಕೂ ಹಲವು ಮೈಲಿ ಹರಡಿಕೊಂಡಿದ್ದುವು. ಪ್ಯಾಟರ್ಸನ್ನನು ಒಂದು ಬಿಡಾರದಲ್ಲಿ ಕಾದು ಕುಳಿತ ರಾತ್ರಿ ಸಿಂಹಗಳು ಇನ್ನೊಂದಕ್ಕೆ ನುಗ್ಗುತ್ತಿದ್ದುವು. ಬಿಡಾರಗಳ ಸುತ್ತ ಮುಳ್ಳಿನ ಬೇಲಿಗಳನ್ನು ಎತ್ತರವಾಗಿಯೂ ದಪ್ಪವಾಗಿಯೂ ಹಾಕಿಸಿ ಇಡೀ ರಾತ್ರಿ ಬೆಂಕಿಯನ್ನು ಉರಿಸಿದರು. ಸಿಂಹಗಳು ಬೇಲಿಯಲ್ಲಿ ಸಂದು ಹುಡುಕಿ ಒಳಹೊಕ್ಕುವು. ಆಸ್ಪತ್ರೆಯ ಬಿಡಾರಕ್ಕೆ ನುಗ್ಗಿದುದರಿಂದ ಆಸ್ಪತ್ರೆಯನ್ನು ಬೇರೆಡೆಗೆ ಸಾಗಿಸಿದರು. ಬರಿದಾದ ಹಳೆಯ ಜಾಗದಲ್ಲಿ ಪ್ಯಾಟರ್ಸನ್ನನು ಕೋವಿ ಹಿಡಿದು ಕುಳಿತಿದ್ದ ರಾತ್ರಿಯೇ ಹೊಸ ಆಸ್ಪತ್ರೆಯಿಂದ ನೀರು ಹೊರುವ ಭಿಸ್ತಿಯನ್ನು ಸಿಂಹವು ಹೊತ್ತೊಯ್ದಿತು. ರೈಲುಕಂಬಿಗಳಿಂದ ದೊಡ್ಡ ಬೋನನ್ನು ಮಾಡಿಸಿ, ಅದರೊಳಗೆ ಅಡ್ಡಗಂಬಿಗಳಾಚೆ ಬಂದೂಕುಧಾರಿಗಳಾದ ಸಿಪಾಯಿಗಳನ್ನೇ ಎರೆಯಾಗಿ ಕುಳ್ಳಿರಿಸಿದ್ದೂ ಉಂಟು. ಒಂದು ರಾತ್ರಿ ಸಿಂಹವು ಬೋನಿನೊಳಗೆ ಬಂದಿತು, ಬಾಗಿಲೂ ಬಿದ್ದಿತು. ಸಿಪಾಯಿಗಳು ಗಾಬರಿಯಿಂದ ಕಂಡಕಂಡೆಡೆಗೆ ಗುಂಡು ಹಾರಿಸಲು, ಒಂದು ಗುಂಡು ಬಾಗಿಲಿನ ಕಂಬಿಗೆ ತಗಲಿ ಕಂಬಿ ಸಡಿಲವಾಗಿ, ಸಿಂಹವು ಅಲ್ಲಿಂದಲೇ ಪಾರಾಯಿತು.

ಕೂಲಿಗಳು ಇವು ಮೃಗಗಳೇ ಅಲ್ಲವೆಂದು ನಿಶ್ಚಯಿಸಿದರು. ತಮ್ಮ ನಾಡಿನ ನಡುವೆ ಕಬ್ಬಿಣದ ದಾರಿ ಹಾಯುವುದನ್ನು ಸಹಿಸದ ಸತ್ತ ನಾಯಕರಿಬ್ಬರು ಸಿಂಹರೂಪದಿಂದ ಬಂದಿರುವರೆಂದು ಅವರ ಭಾವನೆ. ಚಿತ್ರದ ಹೆಸರಿಗೆ ಮೂಲವು ಇಲ್ಲಿದೆ. ಇದನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ರೈಲುದಾರಿಯು ಯಾರ ನೆಲದ ಮೇಲೆ ಹೋಗುತ್ತಿತ್ತೆಂಬುದನ್ನು ಅಂದಿನ ಅಧಿಕಾರಿಗಳ ಕಾಗದಪತ್ರಗಳಿಗಿಂತ ಈ ಮೌಢ್ಯವೇ ಸ್ಪಷ್ಟವಾಗಿ ಹೇಳುತ್ತದೆ.

ಡಿಸೆಂಬರು ೧ನೆಯ ತಾರೀಖು ಕೂಲಿಗಳು ಪ್ಯಾಟರ್ಸನ್ನನ ಬಳಿಗೆ ಬಂದು, ತಾವು ಸರ್ಕಾರದ ಕೆಲಸಕ್ಕೆಂದು ಕರಾರು ಮಾಡಿಕೊಂಡು ಬಂದವರೇ ಹೊರತು ಸಿಂಹಕ್ಕೋ ಪಿಶಾಚಿಗೋ ಆಹಾರವಾಗಲು ಒಪ್ಪಿ ಬಂದವರಲ್ಲವೆಂದು ಹೇಳಿದರು. ಬಳಿಕ ನೂರಾರು ಜನರು ಬರುತ್ತಿದ್ದ ರೈಲಿನ ಮುಂದೆ ಕಂಬಿಗಳ ಮೇಲೆ ಅಡ್ಡಬಿದ್ದು ಅದನ್ನು ನಿಲ್ಲಿಸಿ, ಗಂಟುಮೂಟೆಗಳನ್ನು ಡಬ್ಬಿಗಳೊಳಕ್ಕೆ ಎಸೆದು, ಏರಿ ಹೊರಟೇ ಹೋದರು. ಮೂರು ವಾರಗಳವರೆಗೆ ಸೇತುವೆಯ ಕೆಲಸ ನಿಂತಿತು. ಉಳಿದವರು ನೀರಿನ ತೊಟ್ಟಿಗಳ ಮೇಲೆ, ಸೂರುಗಳ ಮೇಲೆ, ಕಬ್ಬಿಣದ ತೊಲೆಗಳ ಮೇಲೆ ಮಲಗತೊಡಗಿದರು. ಕೆಲವರು ಡೇರೆಯೊಳಗೆ ಗುಂಡಿ ತೋಡಿ ಮೇಲೆ ಮರದ ದಿಮ್ಮಿಗಳನ್ನು ಮುಚ್ಚಿಕೊಂಡು ಮಲಗಿದರು. ಒಂದು ರಾತ್ರಿ ಮರವೊಂದಕ್ಕೆ ಅಳತೆಮೀರಿ ಜನ ಹತ್ತಿದುದರಿಂದ ಮರವು ಮುರಿದು ಎಲ್ಲರೂ ಸಿಂಹಗಳ ಸಮೀಪದಲ್ಲಿಯೇ ಉರುಳಿದರು. ಸಿಂಹಗಳು ಆಗಲೇ ಒಬ್ಬನನ್ನು ಹಿಡಿದು ತಿನ್ನುತ್ತಿದ್ದುದರಿಂದ ಇವರ ಕಡೆಗೆ ತಿರುಗಿ ನೋಡಲಿಲ್ಲ. ಇಂಥ ಸಂಗತಿಯನ್ನು ಚಿತ್ರದಲ್ಲಿ ತೋರಿಸಿದರೆ ನೋಡುವವರು ನಗಬೇಕೋ ಅಳಬೇಕೋ ತಿಳಿಯದೆ ಹೋದಾರು. ಅಂತೆಯೇ ಅದನ್ನು ತೋರಿಸಿಲ್ಲ.

ಮೊದಲನೆಯ ಸಿಂಹವು ಸತ್ತದ್ದು ಡಿಸೆಂಬರು ೯ರಂದು. ಅದು ಕೊಂದಿದ್ದ ಕತ್ತೆಯೊಂದರ ಬಳಿ ನಾಲ್ಕು ಗಳುಗಳನ್ನು ನೆಟ್ಟು ಹನ್ನೆರಡು ಅಡಿ ಎತ್ತರದ ಅಲುಗಾಡುವ ಅಟ್ಟಣೆಯನ್ನು ಮಾಡಿಕೊಂಡು ಪ್ಯಾಟರ್ಸನ್ನನು ಏಕಾಕಿಯಾಗಿ ಕುಳಿತನು. ಕತ್ತಲಾದ ಮೇಲೆ ಬಂದ ಸಿಂಹವು ಕತ್ತೆಯನ್ನು ಮುಟ್ಟದೆ ಅಟ್ಟಣೆಯನ್ನೇ ಸುತ್ತತೊಡಗಿತು. ಬೇಟೆಗಾರನೇ ಬೇಟೆಯಾದ ಈ ಎರಡು ಗಂಟೆಗಳ ಕಾಲದಲ್ಲಿ ಗೂಬೆಯೊಂದು ಅವನನ್ನು ಮರದ ಕೊಂಬೆಯೆಂದು ಭ್ರಮಿಸಿ ತಲೆಗೆ ಬಂದು ಬಡಿಯಲು ಅವನು ಕೆಳಗೆ ಬೀಳುವುದೊಂದು ಬಾಕಿ. ಕಡೆಗೆ ಪೊದೆಯಲ್ಲಿ ಕಂಡ ಮಸಕಾದ ಆಕಾರಕ್ಕೆ ಗುಂಡು ಹಾರಿಸಿದನು. ಮೂಗಿನ ತುದಿಯಿಂದ ಬಾಲದ ತುದಿಗೆ ೯ ಅಡಿ ೮ ಅಂಗುಲ ಉದ್ದವಿದ್ದ ಅದನ್ನು ಬಿಡಾರಕ್ಕೆ ಹೊತ್ತುತರಲು ಎಂಟು ಜನರು ಬೇಕಾದರು. ಎರಡನೆಯದು ಅದೇ ತಿಂಗಳಿನ ೨೯ರಂದು ಹಲವು ಗುಂಡುಗಳನ್ನು ತಿಂದು, ಪ್ಯಾಟರ್ಸನ್ನನ ಮೇಲೆಯೇ ಎರಗಿ ಬಂದು, ಬಿದ್ದಲ್ಲಿ ಕೊಂಬೆಯೊಂದನ್ನು ಕಚ್ಚುತ್ತ ಸತ್ತಿತು. ಕೂಲಿಗಳು ಅದರ ಹೆಣವನ್ನು ಹರಿದು ಚೂರುಮಾಡಲು ನುಗ್ಗಿದರಂತೆ. ಅವರನ್ನು ತಡೆಯುವುದೇ ಅವನಿಗೆ ಕಷ್ಟವಾಯಿತು.

ಇದೆಲ್ಲವನ್ನೂ ಪ್ಯಾಟರ್ಸನ್ನನು ೧೯೦೭ರಲ್ಲಿ 'ದಿ ಮ್ಯಾನ್ ಈಟರ್ಸ್ ಆಫ್ ತ್ಸಾವೋ' ಎಂಬ ಗ್ರಂಥವಾಗಿ ಪ್ರಕಟಿಸಿದನು. ಚಿತ್ರವು ಇದನ್ನೇ ಆಧಾರವಾಗಿ ಉಳ್ಳದ್ದಾದರೂ ಬೇಕಾದಂತೆ ತಿದ್ದಿಕೊಂಡಿದೆ. ಮೈಕೇಲ್ ಡಗ್ಲಸನು ನಟಿಸಿರುವ ರೆಮಿಂಗ್ಟನ್ ಎಂಬ ಅಮೆರಿಕದ ಬೇಟೆಗಾರನು ಚರಿತ್ರೆಯಲ್ಲಿ ಇಲ್ಲವೇ ಇಲ್ಲ. ನಿಜವಾದ ಆ ಸಿಂಹಗಳಿಗೆ ಕೊರಳ ಕೂದಲಿರಲಿಲ್ಲ. ತ್ಸಾವೋ ಪ್ರಾಂತದ ಗಂಡುಸಿಂಹಗಳಲ್ಲಿ ಇದು ಸಾಮಾನ್ಯ. ಕೇಸರವಿಲ್ಲದ ಕೇಸರಿಗಳನ್ನು ಜನರು ಸಿಂಹವೆಂದು ಒಪ್ಪಲಾರರೆಂದೋ ಏನೋ, ಚಿತ್ರದಲ್ಲಿ ಕೇಸರವುಳ್ಳ ಸಿಂಹಗಳನ್ನೇ ತಂದು ನಿಲ್ಲಿಸಿದರು. ಇವು ಕ್ಷಮಿಸಬಹುದಾದ ಬದಲಾವಣೆಗಳು. ಏಕಚಕ್ರಪುರದ ಬಕಾಸುರನ ಕಥೆಗೆ ಭೀಮನು ಹೇಗೆ ಬೇಕೋ ಹಾಗೆ ಇಂಥ ಚಿತ್ರಕ್ಕೆ ವೀರನು ಬೇಕು. ಇಲ್ಲಿ ಒಬ್ಬನು ಸಾಲದೆಂದು ಇಬ್ಬರನ್ನು ಮಾಡಿಕೊಂಡಿದ್ದಾರೆ. ಆದರೆ ಭಾರತದ ಕವಿಯು ಭೀಮನ ಬಂಡಿ ಹೊರಡುವ ಮುನ್ನ, ಸರದಿ ಬಂದ ಆ ಬ್ರಾಹ್ಮಣನ ಮನೆಯ ಅಳುವನ್ನು ಕೇಳಿಸದೆ ಬಿಡಲಿಲ್ಲ. ಗಂಡ, ಹೆಂಡತಿ, ಮಗಳು ತಾನು ತಾನೆಂದು ಸಾಯಲು ಮುಂದಾಗುವ ಮಾತು ಅಲ್ಲಿದೆ. ಚಿತ್ರದಲ್ಲಿ ಕೂಲಿಗಳಿಗೆ ಮನೆಗಳೇ ಇಲ್ಲ. ಅವರ ಪರವಾಗಿ ಮಾತನಾಡುವ ಅಬ್ದುಲ್ಲಾ ಎಂಬ ಪಾತ್ರವನ್ನು ಓಂ ಪುರಿಯು ಗಂಭೀರವಾಗಿ ನಟಿಸಿದ್ದರೂ, ಅವನು ವೀರನ ಕೆಲಸಕ್ಕೆ ಅಡ್ಡಬರುವ ಮುಂಗೋಪಿಯಾಗಿಯೇ ಉಳಿಯುತ್ತಾನೆ.

ಕೂಲಿಗಳಿಗೂ ಪ್ಯಾಟರ್ಸನ್ನನಿಗೂ ವಿರಸವಿದ್ದುದು ನಿಜ. ಗಾರೆಯವರ ಸಂಬಳ ತಿಂಗಳಿಗೆ ೪೫ ರೂಪಾಯಿ, ಸಾಮಾನ್ಯ ಕೂಲಿಯದು ೧೨. ಗಾರೆಕೆಲಸವನ್ನರಿಯದ ಅನೇಕರು ಗಾರೆಯವರೆಂದು ಹೇಳಿಕೊಂಡು ಬಂದಿದ್ದರು. ಇದನ್ನು ಕಂಡುಹಿಡಿದ ಪ್ಯಾಟರ್ಸನ್ನನು ಕೆಲಸಕ್ಕೆ ತಕ್ಕ ಕೂಲಿಯೆಂಬ ನಿಯಮವನ್ನು ತರಲು, ಕಲ್ಲುಗಣಿಯಲ್ಲಿ ಅವನನ್ನು ಕೊಂದು ಸಿಂಹದ ಮೇಲೆ ಹಾಕುವ ಒಳಸಂಚೂ ನಡೆಯಿತೆಂದು ಅವನೇ ಬರೆದಿದ್ದಾನೆ. ಸಿಂಹಗಳು ಸತ್ತ ಮೇಲೆ ಓಡಿಹೋಗಿದ್ದವರು ಹಿಂದಿರುಗಿದರು. ಸೇತುವೆಯ ಕೆಲಸ ೧೮೯೯ರ ಫೆಬ್ರವರಿಯಲ್ಲಿ ಮುಗಿಯಿತು. ಅದಕ್ಕೆ ಮೊದಲು, ಜನವರಿಯ ಕೊನೆಯಲ್ಲಿ, ಅವರೆಲ್ಲರೂ ಕೂಡಿ ಅವನಿಗೆ ಬೆಳ್ಳಿಯ ಬಟ್ಟಲೊಂದನ್ನು ಒಪ್ಪಿಸಿದರು. ರೋಶನ್ ಎಂಬ ಮೇಸ್ತ್ರಿಯು ಹಿಂದೂಸ್ಥಾನಿಯಲ್ಲಿ ದೀರ್ಘವಾದ ಪದ್ಯವನ್ನೂ ರಚಿಸಿದನು. ಪ್ಯಾಟರ್ಸನ್ನನು ಅದರ ಇಂಗ್ಲಿಷ್ ರೂಪವನ್ನು ತನ್ನ ಗ್ರಂಥದ ಕೊನೆಯಲ್ಲಿ ಅಚ್ಚುಹಾಕಿಸಿದ್ದಾನೆ. ಕೊಲ್ಲಲು ಸಂಚುಮಾಡಿದ ಕೈಗಳೂ ಬಟ್ಟಲಿಗೆ ಕಾಸು ಹಾಕಿರಬಹುದು. ತಮಗಾಗಿ ಒಂಬತ್ತು ತಿಂಗಳು ನಿದ್ದೆಗೆಟ್ಟವನನ್ನು ಅವರು ಮರೆಯಲಿಲ್ಲ. ಈ ಭಾಗವನ್ನು ಚಿತ್ರಕಾರರು ಬಿಟ್ಟದ್ದು ನಷ್ಟವೇ ಸರಿ.

ಸತ್ತವರೆಷ್ಟು ಎಂಬ ಪ್ರಶ್ನೆಯು ಹೆಚ್ಚು ವಿಚಾರಾರ್ಹವಾದುದು. ಗ್ರಂಥದಲ್ಲಿ ಪ್ಯಾಟರ್ಸನ್ನನು ಹೇಳುವುದು ಹಿಂದೂಸ್ಥಾನದ ಕೂಲಿಗಳು ೨೮ ಮಂದಿ, ಅವರೊಂದಿಗೆ ಲೆಕ್ಕಕ್ಕೆ ಸಿಕ್ಕದ ಆಫ್ರಿಕದವರು ಹಲವರು ಎಂದು. ಮುಂದೆ ಬರೆದ ಬರಹದಲ್ಲಿ ಇದು ೧೩೫ಕ್ಕೆ ಏರಿತು. ಚಿತ್ರವೂ ದೊಡ್ಡ ಸಂಖ್ಯೆಯನ್ನೇ ಹಿಡಿದಿದೆ. ೨೮ ಎಂಬುದು ಇಷ್ಟು ಖಚಿತವಾಗಿರಲು ಕಾರಣವೇನು? ಕರಾರಿನ ಕೂಲಿಯ ಹೆಸರು ಹಾಜರಿ ಪಟ್ಟಿಯಲ್ಲಿ ಇರುತ್ತಿತ್ತು. ಸತ್ತರೆ ಸಂಬಳ ನಿಲ್ಲಬೇಕು. ಸುತ್ತಲಿನ ಹಳ್ಳಿಗಳ ತೈತ ಜನರ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದವನನ್ನು ಸಿಂಹ ತಿಂದರೆ ಸರ್ಕಾರಕ್ಕೆ ಅವನು ಸತ್ತದ್ದೂ ತಿಳಿಯದು, ಬದುಕಿದ್ದದ್ದೂ ತಿಳಿಯದು.

ಪ್ಯಾಟರ್ಸನ್ನನು ಎರಡು ಸಿಂಹಗಳ ಚರ್ಮವನ್ನೂ ಇಪ್ಪತ್ತೈದು ವರ್ಷಗಳ ಕಾಲ ತನ್ನ ಮನೆಯಲ್ಲಿ ನೆಲಕ್ಕೆ ಹಾಸಿಕೊಂಡಿದ್ದು, ೧೯೨೪ರಲ್ಲಿ ಚಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯಕ್ಕೆ ೫,೦೦೦ ಡಾಲರುಗಳಿಗೆ ಮಾರಿದನು. ತುಳಿದು ಸವೆದ ಆ ಚರ್ಮಗಳಿಗೆ ಆಕಾರ ಕೊಟ್ಟು ನಿಲ್ಲಿಸಿದ್ದಾರೆ. ನಿಜಕ್ಕಿಂತ ಚಿಕ್ಕದಾಗಿ ಕಾಣುವ ಅವನ್ನು ಇಂದಿಗೂ ಅಲ್ಲಿ ನೋಡಬಹುದು. ತಲೆಬುರುಡೆಗಳೂ ಅಲ್ಲಿವೆ. ವಿದ್ವಾಂಸರು ೨೦೦೯ರಲ್ಲಿ ಅವುಗಳ ಮೂಳೆಯನ್ನೂ ಕೂದಲನ್ನೂ ರಾಸಾಯನಿಕವಾಗಿ ಪರೀಕ್ಷಿಸಿ, ಎರಡೂ ಸೇರಿ ತಿಂದ ಮನುಷ್ಯರು ಸುಮಾರು ೩೫ ಮಂದಿಯೆಂದೂ, ಒಂದು ಇನ್ನೊಂದರ ಎರಡರಷ್ಟಕ್ಕೂ ಹೆಚ್ಚು ಜನರನ್ನು ತಿಂದಿತೆಂದೂ ಅಂದಾಜು ಮಾಡಿದರು. ಈ ಲೆಕ್ಕ ತಿಂದ ಮಾಂಸದ್ದು. ಕೊಂದು ಬಿಟ್ಟುಹೋದವರು ಇದರಲ್ಲಿ ಬಾರರು.

ಹೆಚ್ಚು ತಿಂದ ಸಿಂಹದ ಕೋರೆಹಲ್ಲು ಮುರಿದು ಬೇರಿನಲ್ಲಿ ಕೀವುಗಟ್ಟಿತ್ತು. ಒದ್ದಾಡುವ ಜೀಬ್ರಾವನ್ನು ಕಚ್ಚಿ ಹಿಡಿಯಲು ಅದಕ್ಕೆ ನೋವಾಗಿರಬೇಕು. ಮನುಷ್ಯನ ಮಾಂಸ ಮೆದು. ೧೯೦೭ರಲ್ಲಿಯೇ, ಅಂದರೆ ಪ್ಯಾಟರ್ಸನ್ನನ ಗ್ರಂಥ ಹೊರಟ ವರ್ಷದಲ್ಲಿಯೇ, ಕುಮಾವೂನಿನಲ್ಲಿ ಜಿಮ್ ಕಾರ್ಬೆಟ್ಟನು ಕೊಂದ ಚಂಪಾವತದ ಹೆಣ್ಣುಹುಲಿಗೂ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದುವು. ಅದು ಕೊಂದವರು ೪೩೬ ಮಂದಿಯೆಂದು ಲೆಕ್ಕ. ಅದರ ಹಲ್ಲನ್ನು ಮುರಿದದ್ದು ಹಿಂದೆ ಯಾರೋ ಹಾರಿಸಿದ ಗುಂಡು. ಆದರೆ ತ್ಸಾವೋದಲ್ಲಿ ಹಲ್ಲುನೋವೊಂದೇ ಕಾರಣವೆನ್ನಲಾಗದು, ಏಕೆಂದರೆ ಇನ್ನೊಂದು ಸಿಂಹಕ್ಕೆ ಅಂಥ ಬಾಧೆ ಇರಲಿಲ್ಲ. ಕನ್ನಡನಾಡಿನ ಒಕ್ಕಲಿಗರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿಯು ೧೮೮೭ರ ಸುಮಾರಿನಲ್ಲಿ ಆಫ್ರಿಕದ ಈಶಾನ್ಯ ತೀರಕ್ಕೆ, ಹಿಂದೂಸ್ಥಾನದಿಂದ ಬಂದ ದನಗಳ ಮೂಲಕವೆಂದು ಹೇಳುವರು, ಹಬ್ಬಿ, ಕೆಲವೇ ವರ್ಷಗಳಲ್ಲಿ ಪೂರ್ವ ಆಫ್ರಿಕದ ದನಕರುಗಳನ್ನೂ ಕಾಡೆಮ್ಮೆಗಳನ್ನೂ ಗುಡಿಸಿಹಾಕಿತು. ಅದರ ಹಿಂದೆಯೇ ಬರ. ಅದಲ್ಲದೆ ತ್ಸಾವೋ ಬಹುಕಾಲದಿಂದ ದಂತವನ್ನೂ ಗುಲಾಮರನ್ನೂ ಸಾಗಿಸುವ ತಂಡಗಳ ದಾರಿಯಾಗಿತ್ತು. ನಡೆಯಲಾರದೆ ಬಿದ್ದವರನ್ನು ಬಿದ್ದಲ್ಲಿಯೇ ಬಿಟ್ಟು ಮುಂದೆ ಸಾಗುವುದು ಅಲ್ಲಿನ ವಾಡಿಕೆ. ಮನುಷ್ಯನು ತಿನ್ನತಕ್ಕವನೆಂದು ಆ ಕಾಡಿನ ಸಿಂಹಗಳಿಗೆ ಮೊದಲು ಕಲಿಸಿದವರು ಮನುಷ್ಯರೇ ಆಗಿರಬಹುದು. ಚಿತ್ರದಲ್ಲಿ ಸಿಂಹಗಳು ಕೇವಲ ಸಂತೋಷಕ್ಕಾಗಿ ಕೊಲ್ಲುವ ದುಷ್ಟಶಕ್ತಿಗಳಾಗಿವೆ. ಅವುಗಳ ಗುಹೆಯಲ್ಲಿ ಮನುಷ್ಯರ ಎಲುಬುಗಳ ರಾಶಿಯೇ ಇದೆ. ಪ್ಯಾಟರ್ಸನ್ನನು ಎಲುಬುಗಳೂ ತಾಮ್ರದ ಬಳೆಗಳೂ ಇದ್ದ ಗುಹೆಯೊಂದನ್ನು ಕಂಡದ್ದು ನಿಜ. ಆದರೆ ಅದು ಸಿಂಹದ ಗುಹೆಯಲ್ಲ, ತೈತ ಜನರು ತಮ್ಮ ಸತ್ತವರನ್ನು ಇಡುತ್ತಿದ್ದ ಗುಹೆಯಾಗಿರಬೇಕೆಂದು ಈಚಿನ ಸಂಶೋಧಕರ ಅಭಿಪ್ರಾಯ.

ಆ ಸಿಂಹಗಳ ಮುರಿದ ಹಲ್ಲಿನ ಸಂದುಗಳಲ್ಲಿ ನೂರಿಪ್ಪತ್ತೈದು ವರ್ಷಗಳಿಂದ ಒತ್ತಿಕೊಂಡು ಉಳಿದಿದ್ದ ಕೂದಲುಗಳನ್ನು ಬಿಡಿಸಿ, ಅವು ಯಾವ ಪ್ರಾಣಿಗಳವೆಂದು ಪರೀಕ್ಷಿಸಿದ ಫಲಿತಾಂಶವು ೨೦೨೪ರಲ್ಲಿ ಪ್ರಕಟವಾಯಿತು. ಜಿರಾಫೆ, ಜೀಬ್ರಾ, ಓರಿಕ್ಸ್, ವಾಟರ್‌ಬಕ್ ಎಂಬ ಜಿಂಕೆಗಳು, ವಿಲ್ಡಬೀಸ್ಟ್ ಇವುಗಳ ಕೂದಲು ಅಲ್ಲಿದ್ದಿತು. ವಿಲ್ಡಬೀಸ್ಟ್ ಮೇಯುವ ಜಾಗವು ತ್ಸಾವೋಕ್ಕೆ ಸುಮಾರು ೫೦ ಮೈಲಿ ದೂರವಾದುದರಿಂದ, ನಡುವೆ ಕೆಲವು ತಿಂಗಳು ಸಿಂಹಗಳು ಬಿಡಾರಗಳ ಕಡೆ ಸುಳಿಯದೆ ಇದ್ದಾಗ ಎಲ್ಲಿದ್ದುವೆಂಬುದಕ್ಕೆ ಇದೊಂದು ಸೂಚನೆ. ಮನುಷ್ಯರ ಕೂದಲೂ ಇದ್ದಿತು. ಅದು ಪಂಜಾಬಿನ ಯಾವುದೋ ಹಳ್ಳಿಯಿಂದ ಕರಾರಿಗೆ ಹೆಬ್ಬೆಟ್ಟು ಒತ್ತಿ ಹೊರಟವನದೋ, ಪಟ್ಟಿಯಲ್ಲಿ ಹೆಸರಿಲ್ಲದ ತೈತ ಜನರವನದೋ ಹೇಳಲು ಇಂದು ಸಾಧನಗಳಿವೆ. ಆದರೂ ಆ ವಿದ್ವಾಂಸರು ಅದನ್ನು ಹೆಚ್ಚಾಗಿ ಪರೀಕ್ಷಿಸದೆ ಬಿಟ್ಟರು. ಸತ್ತವರ ಸಂತತಿಯವರು ಆ ನಾಡಿನಲ್ಲಿ ಇನ್ನೂ ಇರಬಹುದು, ಮೊದಲು ಅವರನ್ನು ಕಂಡು ಮಾತನಾಡತಕ್ಕದ್ದು ಎಂಬುದೇ ಅವರು ಕೊಟ್ಟ ಕಾರಣ.